ಉಪ್ಪಿನಕಾಯಿ ಬಾಟ್ಲಿಗೆ ಬ್ಯಾಚ್ ನಂಬರ್ ಯಾಕೆ ಬೇಕು?

ಉಪ್ಪಿನಕಾಯಿ, ಹಪ್ಪಳ, ಸಾಂಬಾರು ಪುಡಿ ಮಾಡಿ ಮಾರುವ ಸಂಘಗಳು ನಮ್ಮಲ್ಲಿ ಬಹಳ ಇವೆ. ಖರ್ಚು ಎಷ್ಟು, ಲಾಭ ಎಷ್ಟು ಅಂತ ನಾವು ತಪ್ಪದೆ ಬರೆಯುತ್ತೇವೆ. ಆದರೆ ಒಂದು ಬಾಟ್ಲಿ ತೋರಿಸಿ, "ಇದು ಯಾವತ್ತು ಹಾಕಿದ್ದು? ಖಾರದ ಪುಡಿ ಯಾವ ಅಂಗಡಿಯದ್ದು?" ಎಂದು ಯಾರಾದರೂ ಕೇಳಿದರೆ ಹೇಳಲು ಬರುತ್ತದೆಯೇ?

ಒಂದೇ ಸಲ, ಒಂದೇ ಸಾಮಾನಿನಿಂದ ಮಾಡಿದ ಮಾಲಿಗೆ ಬ್ಯಾಚ್ ಎನ್ನುತ್ತಾರೆ. ಒಂದು ಸೀಸನ್‌ನಲ್ಲಿ ಆರು ಸಲ, ಸಲಕ್ಕೆ 50ರಂತೆ 300 ಬಾಟ್ಲಿ ಮಾವಿನಕಾಯಿ ಉಪ್ಪಿನಕಾಯಿ ಹಾಕಿದೆವು ಎನ್ನೋಣ. ಒಂದರಲ್ಲಿ ಬೂಷ್ಟು ಕಂಡಿತು. ನಂಬರ್ ಇದ್ದರೆ ಆ 50 ಮಾತ್ರ ವಾಪಸ್ ತರಿಸಿದರೆ ಸಾಕು. ಇಲ್ಲದಿದ್ದರೆ 300ರ ಮೇಲೂ ಅನುಮಾನ. ಹಾಕಿದ ದುಡ್ಡು ಹೋಯಿತು, ಸಾಲದ ಕಂತು ನಿಂತಿತು, "ನಿನ್ನಿಂದಲೇ ಆಯ್ತು" ಎಂಬ ಜಗಳ ಬೇರೆ.

ಇದು ದೊಡ್ಡ ಕಂಪನಿಗಳಿಗೂ ಬಂದ ಕಷ್ಟ. 2005ರಲ್ಲಿ ಬ್ರಿಟನ್‌ನಲ್ಲಿ ಒಂದು ಸಾಸ್‌ಗೆ ಹಾಕಿದ ಖಾರದ ಪುಡಿಯಲ್ಲಿ ನಿಷೇಧಿತ ಸುಡಾನ್ ಬಣ್ಣ ಸಿಕ್ಕಿತು. ಆ ಸಾಸ್ ಬೇರೆ ಬೇರೆ ತಿಂಡಿಗಳಿಗೂ ಸೇರಿತ್ತು. ಕಡೆಗೆ 400ಕ್ಕೂ ಹೆಚ್ಚು ಬಗೆಯ ಆಹಾರವನ್ನು ಅಂಗಡಿಗಳಿಂದ ತೆಗೆಸಬೇಕಾಯಿತು. ಪುಡಿ ಎಲ್ಲಿಂದ ಬಂತು, ಸಾಸ್ ಯಾರಿಗೆ ಹೋಯಿತು ಎಂಬ ದಾಖಲೆ ಇದ್ದುದರಿಂದಲೇ ಹುಡುಕಲು ಸಾಧ್ಯವಾಯಿತು.

ನಾವು ಮಾಡಬೇಕಾದದ್ದು ಇಷ್ಟೇ. ಒಂದು ನೋಟ್‌ಬುಕ್‌ನಲ್ಲಿ ಪ್ರತಿ ಬ್ಯಾಚಿಗೂ ಒಂದು ಪುಟ ಇಡೋಣ:

1. ಒಳಗೆ ಬಂದದ್ದು: ಕಾಯಿ, ಖಾರದ ಪುಡಿ, ಎಣ್ಣೆ, ಉಪ್ಪು ಯಾರಿಂದ ಕೊಂಡೆವು, ಯಾವ ತಾರೀಕು. ಬಿಲ್ಲನ್ನು ಅಲ್ಲೇ ಅಂಟಿಸಿ. ಎಣ್ಣೆ ಪ್ಯಾಕೆಟ್ಟಿನ ಮೇಲಿರುವ ಬ್ಯಾಚ್ ನಂಬರನ್ನೂ ಬರೆದುಕೊಳ್ಳಿ.

2. ನಾವು ಮಾಡಿದ್ದು: ತಾರೀಕು, ಮಾಡಿದವರ ಹೆಸರು, ಎಷ್ಟು ಬಾಟ್ಲಿ. ಮಾ-1, ಮಾ-2 ಎಂದು ಸಾಲಾಗಿ ನಂಬರ್ ಕೊಡಿ. ಒಮ್ಮೆ ಕೊಟ್ಟದ್ದನ್ನು ಮತ್ತೆ ಕೊಡಬಾರದು.

3. ಹೊರಗೆ ಹೋದದ್ದು: ಯಾವ ಅಂಗಡಿಗೆ ಎಷ್ಟು, ಸಂತೆಯಲ್ಲಿ ಎಷ್ಟು.

ಪ್ರತಿ ಬ್ಯಾಚಿನಿಂದ ಒಂದು ಬಾಟ್ಲಿಯನ್ನು ಅವಧಿ ಮುಗಿಯುವ ತನಕ ಮಾರದೆ ಇಟ್ಟುಕೊಳ್ಳಿ. ದೂರು ಬಂದಾಗ ತೆಗೆದು ನೋಡಬಹುದು.

ಪ್ಯಾಕ್ ಮಾಡಿ ಮಾರುವ ಆಹಾರದ ಲೇಬಲ್ ಮೇಲೆ ಬ್ಯಾಚ್ ನಂಬರ್, ತಾರೀಕು, ಎಫ್‌ಎಸ್‌ಎಸ್‌ಎಐ ನಂಬರ್ ಇರಲೇಬೇಕೆಂಬ ನಿಯಮವೂ ಇದೆ. ಬಾರ್‌ಕೋಡ್ ಇದ್ದರೆ ಸಾಕಲ್ಲವೇ ಎಂದು ಕೆಲವರು ಕೇಳುತ್ತಾರೆ. ಸಾಮಾನ್ಯ ಬಾರ್‌ಕೋಡ್ ಇದು ಯಾವ ಮಾಲು ಎಂದಷ್ಟೇ ಹೇಳುತ್ತದೆ, ಯಾವತ್ತಿನದು ಎಂದು ಹೇಳಲ್ಲ.

ಮುಂದಿನ ವಾರದ ಸಭೆಯಲ್ಲಿ ಒಂದು ಪರೀಕ್ಷೆ ಮಾಡಿ. ಅಂಗಡಿಯಿಂದ ನಿಮ್ಮದೇ ಒಂದು ಬಾಟ್ಲಿ ತನ್ನಿ. ಅದರ ಖಾರದ ಪುಡಿ ಎಲ್ಲಿಂದ ಬಂತು, ಅದರ ಜೊತೆಯ ಬಾಟ್ಲಿಗಳು ಎಲ್ಲೆಲ್ಲಿ ಹೋದವು ಎಂದು ಹತ್ತು ನಿಮಿಷದಲ್ಲಿ ಪುಸ್ತಕ ನೋಡಿ ಹೇಳಲು ಆದರೆ ನಿಮ್ಮ ಲೆಕ್ಕ ಸರಿಯಾಗಿದೆ.