ಹತ್ತು ದ್ವೀಪಗಳ ಸೈಕಲ್ ಯಾತ್ರೆ

ಭೂಪಟವನ್ನು ಹರವಿಕೊಂಡು ಬ್ರಿಟನ್ ದೇಶದ ವಾಯವ್ಯ ಮೂಲೆಯನ್ನು ನೋಡಿದವರಿಗೆ, ಸ್ಕಾಟ್ಲೆಂಡಿನ ದಡದಿಂದ ಬಹುದೂರದಲ್ಲಿ, ಅಟ್ಲಾಂಟಿಕ್ ಮಹಾಸಾಗರಕ್ಕೆ ಎದೆಯೊಡ್ಡಿ ನಿಂತ ಒಂದು ದ್ವೀಪಮಾಲೆ ಕಾಣಸಿಗುತ್ತದೆ. ಔಟರ್ ಹೆಬ್ರಿಡೀಸ್ ಎಂದು ಅದರ ಹೆಸರು. ದಕ್ಷಿಣೋತ್ತರವಾಗಿ ಸುಮಾರು 210 ಕಿಲೋಮೀಟರ್ ಉದ್ದ. ವಾಸಿಸುವ ಜನ ಸುಮಾರು 26 ಸಾವಿರ; ನಮ್ಮ ಕಡೆಯ ಒಂದು ತಾಲೂಕು ಕೇಂದ್ರದಷ್ಟೂ ಇಲ್ಲ. ಗಾಳಿಯ ಹೊಡೆತಕ್ಕೆ ಮರಗಳು ವಿರಳ. ಪಶ್ಚಿಮದ ದಡದಲ್ಲಿ ನಿಂತು ನೇರ ಮುಂದಕ್ಕೆ ಹೊರಟರೆ, ಒಂದೆರಡು ಪುಟ್ಟ ನಡುಗಡ್ಡೆಗಳನ್ನು ಬಿಟ್ಟು, ಮತ್ತೆ ಸಿಗುವ ನೆಲ ಕೆನಡಾ ದೇಶದ್ದು.

ಈ ದ್ವೀಪಮಾಲೆಯ ಉದ್ದಕ್ಕೂ ಸೈಕಲ್ ಸವಾರರಿಗಾಗಿ 297 ಕಿಲೋಮೀಟರಿನ ಒಂದು ಮಾರ್ಗವನ್ನು ಗುರುತಿಸಿ 2016ರಲ್ಲಿ ಉದ್ಘಾಟಿಸಲಾಯಿತು. ದಕ್ಷಿಣ ತುದಿಯ ವ್ಯಾಟರ್ಸೇ ದ್ವೀಪದಲ್ಲಿ ಆರಂಭವಾಗಿ, ಬ್ಯಾರಾ, ಎರಿಸ್ಕೇ, ಸೌತ್ ಯೂಯಿಸ್ಟ್, ಬೆನ್‌ಬೆಕ್ಯುಲಾ, ಗ್ರಿಮ್ಸೇ, ನಾರ್ತ್ ಯೂಯಿಸ್ಟ್, ಬರ್ನರೇ, ಹ್ಯಾರಿಸ್ ಎಂಬವನ್ನು ಹಾಯ್ದು, ಲೂಯಿಸ್ ದ್ವೀಪದ ಉತ್ತರ ತುದಿಯ ದೀಪಸ್ತಂಭದಲ್ಲಿ ಅದು ಮುಗಿಯುತ್ತದೆ. ಹತ್ತು ದ್ವೀಪ, ಕಡಲಿನಲ್ಲಿ ಕಲ್ಲು ತುಂಬಿ ಕಟ್ಟಿದ ಆರು ಒಡ್ಡುಗಳು, ಎರಡು ಸಲ ಹಡಗಿನ ಪ್ರಯಾಣ. ಹೆಸರಿಗೆ ಹ್ಯಾರಿಸ್ ಮತ್ತು ಲೂಯಿಸ್ ಎರಡು ದ್ವೀಪಗಳಾದರೂ ವಾಸ್ತವದಲ್ಲಿ ಅವು ಒಂದೇ ನೆಲ. ನಡುವೆ ಇರುವುದು ಬೆಟ್ಟ, ಸಮುದ್ರವಲ್ಲ.

ಗ್ಲಾಸ್ಗೋ ನಗರದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುತ್ತಿದ್ದ ನನ್ನ ತಂಗಿಯ ಮಗಳು, 2023ರ ಜೂನ್ ತಿಂಗಳಲ್ಲಿ ತನ್ನ ಸಹಪಾಠಿ ಗೆಳತಿಯೊಡನೆ ಈ ಮಾರ್ಗವನ್ನು ಕ್ರಮಿಸಿದಳು. ಪತ್ರಿಕೆಯ ಓದುಗ ಬಂಧುಗಳಲ್ಲಿ ಅನೇಕರ ಮಕ್ಕಳು ಇಂದು ಆ ದೇಶದಲ್ಲಿ ಓದುತ್ತಿರುವುದರಿಂದ, ಅವಳು ಹೇಳಿದ ಸಂಗತಿಗಳನ್ನೂ, ಆ ನೆಲದ ಬಗೆಗೆ ನಾನು ಓದಿ ತಿಳಿದದ್ದನ್ನೂ ಕೂಡಿಸಿ ಇಲ್ಲಿ ನಿರೂಪಿಸುತ್ತಿದ್ದೇನೆ.

ಹೊರಡುವ ಮೊದಲು ಮನೆಯಲ್ಲಿ ಅಡ್ಡಿ ಬಂದದ್ದು ಸಹಜವೇ. ನನ್ನ ತಂಗಿ ದೂರವಾಣಿಯಲ್ಲಿ, “ಅಣ್ಣಾ, ನೀ ಹೇಳಿದರ ಕೇಳ್ತಾಳ. ಬ್ಯಾಡ ಅನ್ನು” ಎಂದಳು. ಎರಡು ಹೆಣ್ಣುಮಕ್ಕಳು, ಅಪರಿಚಿತ ದ್ವೀಪ, ಗುಡಾರದಲ್ಲಿ ರಾತ್ರಿವಾಸ. ತಾಯಿಯ ಕರುಳಿಗೆ ಇಷ್ಟು ಸಾಕು. ಆದರೆ ಹನ್ನೆರಡನೆಯ ಶತಮಾನದಲ್ಲಿ ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲಕ್ಕೆ ಒಂಟಿಯಾಗಿ ನಡೆದ ಅಕ್ಕಮಹಾದೇವಿಯ ಭಾವಚಿತ್ರ ನಮ್ಮ ಪೂಜೆಯ ಕೋಣೆಯಲ್ಲಿದೆ. ಅದರ ಮುಂದೆ ಕುಳಿತು, ‘ಹೆಣ್ಣುಮಗಳು ಹೊರಗೆ ಹೋಗಬಾರದು’ ಎಂದು ನುಡಿಯಲು ನನಗೆ ನಾಲಿಗೆ ಏಳಲಿಲ್ಲ. ಮೂರು ಮಾತು ಹೇಳಿ ಒಪ್ಪಿಗೆ ಕೊಟ್ಟೆ: ಬೆಳಿಗ್ಗೆ ಗಾಳಿಯ ಮುನ್ಸೂಚನೆ ನೋಡದೆ ಹೊರಡಬಾರದು, ರಾತ್ರಿ ತಾಯಿಗೆ ಒಂದು ಸಂದೇಶ ತಪ್ಪಬಾರದು, ಇಷ್ಟಲಿಂಗ ಪೂಜೆ ತಪ್ಪಬಾರದು. ನನ್ನ ತಂಗಿ ಎರಡು ದಿನ ನನ್ನೊಡನೆ ಮಾತನಾಡಲಿಲ್ಲ.

ಓಬನ್ ಎಂಬ ಬಂದರಿನಿಂದ ಹಡಗು ಹಿಡಿದು ಸುಮಾರು ಐದು ಗಂಟೆಯ ಪ್ರಯಾಣದ ನಂತರ ಸೋಮವಾರ ಸಂಜೆ ಬ್ಯಾರಾ ತಲುಪಿದರು. ಸೈಕಲ್ಲಿಗೆ ಹಡಗಿನಲ್ಲಿ ಬಾಡಿಗೆಯಿಲ್ಲ. ಜೂನ್ ತಿಂಗಳಲ್ಲಿ ಅಲ್ಲಿ ಹಗಲು ಸುಮಾರು ಹದಿನೆಂಟು ಗಂಟೆ. ರಾತ್ರಿ ಹತ್ತಕ್ಕೂ ಬೆಳಕು. ಮರುದಿನ ವ್ಯಾಟರ್ಸೇಗೆ ಹೋಗಿ ಯಾತ್ರೆಯನ್ನು ವಿಧಿವತ್ತಾಗಿ ಆರಂಭಿಸಿದರು. ಈ ದ್ವೀಪಕ್ಕೆ ಒಡ್ಡು ಆದದ್ದು 1991ರಲ್ಲಿ. ಅದಕ್ಕೆ ಮೊದಲು ದನಗಳನ್ನು ನೀರಿನಲ್ಲಿ ಈಜಿಸಿ ದಾಟಿಸುತ್ತಿದ್ದರು. 1986ರಲ್ಲಿ ಹಾಗೆ ದಾಟುವಾಗ ಬಹುಮಾನ ಪಡೆದ ಒಂದು ಹೋರಿ ಮುಳುಗಿ ಸತ್ತಿತು; ಆ ಬಳಿಕ ಒಡ್ಡಿನ ಬೇಡಿಕೆಗೆ ಬಲ ಬಂದಿತು. ಮನುಷ್ಯರ ಕಷ್ಟಕ್ಕೆ ಕರಗದ ಆಡಳಿತ ಬಸವಣ್ಣನ ಸಾವಿಗೆ ಕರಗಿತೆಂದು ಹೇಳಿದರೆ ನಮ್ಮ ರೈತರು ನಗಬಹುದು.

ಬ್ಯಾರಾದ ವಿಮಾನ ನಿಲ್ದಾಣ ಇನ್ನೊಂದು ವಿಶೇಷ. ಅಲ್ಲಿ ಡಾಂಬರಿನ ಓಡುದಾರಿಯಿಲ್ಲ. ಸಮುದ್ರ ಇಳಿದಾಗ ತೆರೆದುಕೊಳ್ಳುವ ಗಟ್ಟಿ ಮರಳಿನ ಮೇಲೆಯೇ ವಿಮಾನ ಇಳಿಯುತ್ತದೆ, ಏರುತ್ತದೆ. ಭರತ ಬಂದರೆ ಓಡುದಾರಿ ನೀರಿನೊಳಗೆ. ವಿಮಾನದ ವೇಳಾಪಟ್ಟಿಯನ್ನು ಚಂದ್ರನೇ ಬರೆಯುತ್ತಾನೆ. ಅಲ್ಲಿಂದ ನಲವತ್ತು ನಿಮಿಷ ಹಡಗಿನಲ್ಲಿ ಸಾಗಿದರೆ ಎರಿಸ್ಕೇ. ಮದ್ಯ ತುಂಬಿದ ಹಡಗೊಂದು 1941ರಲ್ಲಿ ಇದರ ಬಳಿ ಒಡೆದು, ಊರವರು ಸೀಸೆಗಳನ್ನು ಹೊತ್ತೊಯ್ದ ಕಥೆ ಲೋಕವಿಖ್ಯಾತ. ನಮ್ಮ ಓದುಗರಿಗೆ ಅದರ ವಿವರ ಬೇಕಿಲ್ಲ.

ಸೌತ್ ಯೂಯಿಸ್ಟ್ ದ್ವೀಪದ ಪಶ್ಚಿಮ ದಡವೆಲ್ಲ ಶಂಖ ಚಿಪ್ಪುಗಳ ಪುಡಿಯಿಂದಾದ ಬಿಳಿ ಮರಳು. ಗಾಳಿ ಆ ಮರಳನ್ನು ಒಳನಾಡಿಗೆ ತೂರಿ, ಜೌಗು ನೆಲದ ಹುಳಿಯನ್ನು ಕಳೆದು, ಹುಲ್ಲು ಹೂವಿನ ಫಲವತ್ತಾದ ಬಯಲನ್ನು ಮಾಡಿದೆ. ಗೇಲಿಕ್ ಭಾಷೆಯಲ್ಲಿ ಅದಕ್ಕೆ ‘ಮಖೈರ್’ ಎಂದು ಹೆಸರು. ಇಂಥ ನೆಲವಿದ್ದೂ ಊರುಗಳು ವಿರಳವೇಕೆ? ಉತ್ತರ ದುಃಖದ್ದು. 1851ರಲ್ಲಿ ಈ ದ್ವೀಪಗಳ ಜಮೀನುದಾರನಾಗಿದ್ದ ಕರ್ನಲ್ ಗಾರ್ಡನ್ ಎಂಬವನು, ಆಲೂಗಡ್ಡೆಯ ಬೆಳೆ ಕೊಳೆತು ಹಸಿದಿದ್ದ ಒಕ್ಕಲಿನ ಒಂದೂವರೆ ಸಾವಿರಕ್ಕೂ ಮಿಕ್ಕ ಜನರನ್ನು ಕೆನಡಾಕ್ಕೆ ಸಾಗಿಸಿದನು. ಒಲ್ಲೆನೆಂದವರನ್ನು ಹಿಡಿದು ಕಟ್ಟಿ ಹಡಗು ಹತ್ತಿಸಿದರೆಂದು ಅಂದಿನವರೇ ಹೇಳಿದ್ದಾರೆ. ಒಕ್ಕಲನ್ನು ಮನಬಂದಂತೆ ಎಬ್ಬಿಸಬಾರದೆಂಬ ಕಾನೂನು ಬಂದದ್ದು 1886ರಲ್ಲಿ. ಸೈಕಲ್ ದಾರಿಯ ಪಕ್ಕದಲ್ಲಿ ಛಾವಣಿಯಿಲ್ಲದ ಕಲ್ಲಿನ ಗೋಡೆಗಳು ಇಂದಿಗೂ ನಿಂತಿವೆ. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 2006ರಲ್ಲಿ ಅದೇ ಸೌತ್ ಯೂಯಿಸ್ಟ್, ಎರಿಸ್ಕೇ, ಬೆನ್‌ಬೆಕ್ಯುಲಾಗಳ ಸುಮಾರು 93 ಸಾವಿರ ಎಕರೆ ನೆಲವನ್ನು ಊರಿನ ಜನ ಒಂದು ಸಂಸ್ಥೆ ಕಟ್ಟಿಕೊಂಡು ಕ್ರಯಕ್ಕೆ ಪಡೆದರು. ನೆಲದ ಒಡೆತನ ಸಮುದಾಯದ ಕೈಗೆ ಬಂದಿತು. ದಾರಿಯ ದೃಶ್ಯಗಳೆಲ್ಲಕ್ಕಿಂತ ಈ ಸಂಗತಿಯೇ ನನಗೆ ದೊಡ್ಡದಾಗಿ ಕಂಡಿದೆ.

ಬುಧವಾರ ಮಧ್ಯಾಹ್ನ ಗಾಳಿ ಎದ್ದಿತು. ಸಂಜೆಯ ನಂತರ ಬರುವುದೆಂದು ಮುನ್ಸೂಚನೆ ಇದ್ದದ್ದು ನಾಲ್ಕು ಗಂಟೆ ಮೊದಲೇ ಬಂದಿತು. ಆ ಹೊತ್ತಿಗೆ ಇವರು ಸೌತ್ ಯೂಯಿಸ್ಟನ್ನೂ ಬೆನ್‌ಬೆಕ್ಯುಲಾವನ್ನೂ ಕೂಡಿಸುವ ಒಡ್ಡಿನ ಮೇಲೆ ನಡುವೆ ಇದ್ದರು. ಎರಡೂ ಕಡೆ ನೀರು, ಮರೆಗೆ ಒಂದು ಗಿಡವಿಲ್ಲ. “ಮಾಮಾ, ಎದುರುಗಾಳಿ ಆದರ ಸೈಕಲ್ ನಿಧಾನ ಆಗತೈತಿ, ಅಷ್ಟ. ಮಗ್ಗಲ ಗಾಳಿ ಮಾತ್ರ ನಮ್ಮನ್ನ ಎತ್ತಿ ಒಗೀತೈತಿ” ಎಂದು ಅವಳು ಆಮೇಲೆ ಹೇಳಿದಳು. ಗೆಳತಿ ಒಮ್ಮೆ ಬಿದ್ದು ಮೊಣಕಾಲು ತರಚಿಕೊಂಡಳು. ಇಬ್ಬರೂ ಇಳಿದು, ಸೈಕಲ್ಲುಗಳನ್ನು ಗಾಳಿಯ ಕಡೆಗೆ ವಾಲಿಸಿ, ಬಗ್ಗಿ ಹೆಜ್ಜೆ ಹೆಜ್ಜೆಗೆ ನಿಲ್ಲುತ್ತ ಸಾಗಿದರು. ಆಗ ಹಿಂದಿನಿಂದ ಬಂದ ಒಬ್ಬ ವ್ಯಾನಿನ ಹಿರಿಯರು ಒಂದು ಮಾತನ್ನೂ ಕೇಳದೆ ಸೈಕಲ್ಲುಗಳನ್ನು ಒಳಗೆ ಏರಿಸಿ, ಇವರನ್ನು ಬೆನ್‌ಬೆಕ್ಯುಲಾದಲ್ಲಿ ತಮ್ಮ ಮನೆಗೇ ಕರೆದೊಯ್ದರು.

ಚಹಾ ಕುಡಿಯುವಾಗ ಅವರು ಹೇಳಿದ ಸಂಗತಿ ಸಾರ್ವಜನಿಕ ದಾಖಲೆಯಲ್ಲಿಯೂ ಇದೆ. 2005ರ ಜನವರಿ 11ರ ರಾತ್ರಿ ಚಂಡಮಾರುತಕ್ಕೆ ಸಮುದ್ರ ಉಕ್ಕಿ ಬಂದಾಗ, ಇದೇ ಒಡ್ಡಿನ ಸಮೀಪದ ಒಂದು ಮನೆಯ ಮೂರು ತಲೆಮಾರಿನ ಐವರು ಪ್ರಾಣ ಉಳಿಸಿಕೊಳ್ಳಲು ಕಾರುಗಳಲ್ಲಿ ಹೊರಟು, ನೀರಿಗೆ ಕೊಚ್ಚಿ ಹೋದರು. ಅಂದಿನಿಂದ ಅಲ್ಲಿನವರು ಆ ಒಡ್ಡನ್ನು ದಾಟುವಾಗ ಕಣ್ಣನ್ನು ಪಶ್ಚಿಮದ ಕಡೆಗೇ ಇಟ್ಟಿರುತ್ತಾರಂತೆ. ದಾರಿಯಲ್ಲಿ ಯಾರಾದರೂ ಸಿಕ್ಕರೆ ಗಾಡಿ ನಿಲ್ಲಿಸದೆ ಹೋಗುವುದಿಲ್ಲ.

ಇತ್ತ ನಮ್ಮ ಮನೆಯಲ್ಲಿ ಆ ರಾತ್ರಿ ಸಂದೇಶ ಬರಲಿಲ್ಲ. ಮಳೆ ಹೊಕ್ಕು ಅವಳ ಫೋನು ಸತ್ತಿತ್ತು. ಅಲ್ಲಿಯ ರಾತ್ರಿ ಹತ್ತು ಎಂದರೆ ನಮ್ಮಲ್ಲಿ ಎರಡೂವರೆ. ನನ್ನ ತಂಗಿ ದೇವರ ಮುಂದಿನ ದೀಪಕ್ಕೆ ಎಣ್ಣೆ ಹಾಕುತ್ತ ಕುಳಿತಳು. ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಅದೇ ನನಗೆ ಹೆಚ್ಚು ಭಾರವಾಯಿತು. ಮೂರು ಗಂಟೆ ದಾಟಿದ ಮೇಲೆ ಅಪರಿಚಿತ ಸಂಖ್ಯೆಯಿಂದ ಕರೆ ಬಂದಿತು. ಆ ಹಿರಿಯರ ಪತ್ನಿ, ಹುಡುಗಿಗೆ ತಾಯಿಯ ನೆನಪು ಮಾಡಿ, ತಮ್ಮ ಮನೆಯ ಫೋನನ್ನೇ ಕೈಗಿತ್ತಿದ್ದರು. ಗುರುವಾರವೂ ಗಾಳಿ ನಿಲ್ಲದ ಕಾರಣ ಅವರಲ್ಲಿಯೇ ಉಳಿದರು. ಎರಡು ರಾತ್ರಿಯ ಅನ್ನಕ್ಕೆ ಹಣ ಕೊಡಹೋದರೆ ಮುಟ್ಟಲಿಲ್ಲ. ದಾಸೋಹ ಎಂಬ ಪದ ಆ ಭಾಷೆಯಲ್ಲಿಲ್ಲದಿರಬಹುದು.

ಶುಕ್ರವಾರ ಗಾಳಿ ಇಳಿದು ಬರ್ನರೇ ತಲುಪಿದರು. ಆ ದಾರಿಯ ಒಡ್ಡುಗಳಲ್ಲಿ ನೀರುನಾಯಿಗಳು ದಾಟುತ್ತವೆ, ನಿಧಾನಿಸಿ ಎಂಬ ಫಲಕಗಳಿವೆ. ಹಿಂದಿನ ಎರಡು ದಿನ ಹಡಗು ಹೊರಡದೆ ಜನ ಕೂಡಿದ್ದರಿಂದ, ಹ್ಯಾರಿಸ್‌ಗೆ ಹೋಗುವ ಹಡಗಿನಲ್ಲಿ ಸ್ಥಳ ದೊರೆತದ್ದು ಶನಿವಾರ ಮಧ್ಯಾಹ್ನದ ಮೇಲೆ. ಲಸ್ಕೆಂಟಾಯರ್ ಎಂಬ ಪ್ರಸಿದ್ಧ ಮರಳ ತೀರವನ್ನು ಹಾಯ್ದು ಟಾರ್ಬರ್ಟ್ ಊರು ಮುಟ್ಟುವಷ್ಟರಲ್ಲಿ ಅಂಗಡಿಗಳೆಲ್ಲ ಮುಚ್ಚಿದ್ದವು. ಮರುದಿನ ಭಾನುವಾರ.

ಇಲ್ಲಿ ಒಂದು ವಿಷಯವನ್ನು ಓದುಗರು ತಿಳಿಯಬೇಕು. ದ್ವೀಪಮಾಲೆಯ ದಕ್ಷಿಣ ಭಾಗದವರು ಬಹುತೇಕ ರೋಮನ್ ಕ್ಯಾಥೊಲಿಕರು. ರಸ್ತೆ ಬದಿಯಲ್ಲಿ ಮೇರಿಮಾತೆಯ ಮೂರ್ತಿಗಳು ಕಾಣುತ್ತವೆ. ಉತ್ತರದವರು ಮೂರ್ತಿಯನ್ನು ಒಪ್ಪದ ಪ್ರೆಸ್ಬಿಟೇರಿಯನ್ ಪಂಥದವರು. ಭಾನುವಾರವನ್ನು ದೇವರ ದಿನವೆಂದು ಬಿಗಿಯಾಗಿ ಆಚರಿಸುವವರು. ಲೂಯಿಸ್‌ನ ಸ್ಟೋರ್ನೊವೇ ಬಂದರಿನಿಂದ ಭಾನುವಾರ ಹಡಗು ಹೊರಡತೊಡಗಿದ್ದು 2009ರಲ್ಲಿ, ಅದೂ ವಿರೋಧದ ನಡುವೆ. ಆ ಊರಿನ ದೊಡ್ಡ ಅಂಗಡಿಯೊಂದು ಭಾನುವಾರ ಬಾಗಿಲು ತೆರೆಯಲು 2024ರವರೆಗೆ ಕಾಯಬೇಕಾಯಿತು. ವಾರಕ್ಕೊಂದು ದಿನ ಕೊಳ್ಳುವುದನ್ನೂ ಮಾರುವುದನ್ನೂ ನಿಲ್ಲಿಸಿದ ಸಮಾಜವನ್ನು ಹಳೆಯ ಕಾಲದ್ದೆಂದು ಹೀಗಳೆಯುವವರ ಸಾಲಿಗೆ ನಾನು ಸೇರಲಾರೆ.

ಆದರೆ ಹಸಿವಿಗೆ ಭಾನುವಾರವಿಲ್ಲ. ಇವರ ಚೀಲದಲ್ಲಿ ಉಳಿದದ್ದು ಊರಿನಿಂದ ಹೋಗಿದ್ದ ಖಡಕ್ ಜೋಳದ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿ. ದ್ವೀಪಮಾಲೆಯಲ್ಲಿಯೇ ಎತ್ತರವಾದ, 799 ಮೀಟರಿನ ಕ್ಲಿಷಮ್ ಬೆಟ್ಟದ ಮಗ್ಗಲಿನ ಏರನ್ನು ಆ ರೊಟ್ಟಿಯ ಬಲದಿಂದಲೇ ಏರಿದರು. ಇಳಿದ ಮೇಲೆ ಒಂದು ಮನೆಯ ಗೇಟಿನ ಬಳಿ ಪೆಟ್ಟಿಗೆಯಲ್ಲಿ ಮೊಟ್ಟೆ, ಕೇಕು ಇಟ್ಟು, ಪಕ್ಕದಲ್ಲಿ ಹಣ ಹಾಕುವ ಡಬ್ಬಿ ಇಟ್ಟಿದ್ದರು, ಕಾಯುವವರಿಲ್ಲ. ಆ ದ್ವೀಪಗಳಲ್ಲಿ ಇದು ಸಾಮಾನ್ಯ ಪದ್ಧತಿ. ಕೇಕಿನಲ್ಲಿ ಮೊಟ್ಟೆ ಇರುವುದೆಂದು ಇವಳು ಮುಟ್ಟಲಿಲ್ಲ, ಗೆಳತಿ ತಿಂದಳು.

ಅಂದು ಸಂಜೆ ಕ್ಯಾಲನಿಷ್ ಎಂಬಲ್ಲಿ ತಂಗಿದರು. ಸುಮಾರು 5 ಸಾವಿರ ವರ್ಷಗಳ ಹಿಂದೆ ನಿಲ್ಲಿಸಿದ 13 ಕಲ್ಲುಗಳ ವೃತ್ತ, ನಡುವೆ ಆಳಿಗಿಂತ ಎರಡು ಪಾಲು ಮಿಕ್ಕಿ ಎತ್ತರದ ಒಂದು ಕಲ್ಲು. ಆ ಶಿಲೆಯ ವಯಸ್ಸೋ, 300 ಕೋಟಿ ವರ್ಷದ ಸಮೀಪ. ಯಾರು, ಯಾವ ದೇವರಿಗಾಗಿ ನಿಲ್ಲಿಸಿದರೆಂದು ಹೇಳುವ ಅಕ್ಷರವಿಲ್ಲ. ಬೆಳಗಿನ ನಾಲ್ಕೂವರೆಗೆ ಗುಡಾರದ ಬಾಗಿಲಲ್ಲಿ ಕುಳಿತು, ಆ ಕಲ್ಲುಗಳು ಮಂಜಿನಲ್ಲಿ ಒಂದೊಂದಾಗಿ ಕಾಣುವ ಹೊತ್ತಿಗೆ ಅವಳು ಪೂಜೆ ಮುಗಿಸಿದಳು. ಅಂಗೈಯಲ್ಲಿರುವ ದೇವರಿಗೆ ಸ್ಥಳದ ತೊಂದರೆಯಿಲ್ಲ. ತೊಂದರೆಯಾದದ್ದು ವಿಭೂತಿಗೆ, ತೇವಕ್ಕೆ ಗಟ್ಟಿಯೆಲ್ಲ ಕರಗಿಹೋಗಿತ್ತು.

ಸೋಮವಾರ ಪಶ್ಚಿಮದ ಊರೊಂದರಲ್ಲಿ ಶೆಡ್ಡಿನಿಂದ ‘ಕಟಕಟ’ ಸದ್ದು ಕೇಳಿ ಇಳಿದರು. ಒಳಗೆ ಒಬ್ಬ ವೃದ್ಧ ನೇಕಾರರು, ಸೈಕಲ್ಲಿನಂತೆಯೇ ಪೆಡಲು ತುಳಿಯುತ್ತ ಉಣ್ಣೆಯ ಬಟ್ಟೆ ನೇಯುತ್ತಿದ್ದರು. ಇದೇ ಲೋಕಪ್ರಸಿದ್ಧ ಹ್ಯಾರಿಸ್ ಟ್ವೀಡ್. 1993ರಲ್ಲಿ ಬ್ರಿಟಿಷ್ ಸಂಸತ್ತು ಇದಕ್ಕಾಗಿ ಒಂದು ಕಾಯಿದೆಯನ್ನೇ ಮಾಡಿತು: ಹೊಸ ಉಣ್ಣೆಯ ನೂಲು ಈ ದ್ವೀಪಗಳಲ್ಲಿಯೇ ಬಣ್ಣಗೊಂಡು ತಯಾರಾಗಿರಬೇಕು, ದ್ವೀಪದ ನಿವಾಸಿ ತನ್ನ ಮನೆಯಲ್ಲಿ ಕೈಮಗ್ಗದಿಂದ ನೇಯ್ದಿರಬೇಕು, ಇಲ್ಲವಾದರೆ ಆ ಹೆಸರು ಸಲ್ಲದು. ಗಿರಣಿ ಎಷ್ಟೇ ದೊಡ್ಡದಿರಲಿ, ನೇಯ್ಗೆ ನೇಕಾರನ ಅಂಗಳವನ್ನು ಬಿಟ್ಟು ಹೋಗುವಂತಿಲ್ಲ.

ಇದನ್ನು ಕೇಳಿದಾಗ ನನಗೆ ಇಳಕಲ್ಲು ನೆನಪಾಯಿತು. ಅಲ್ಲಿ ನಮ್ಮ ತಾಯಿಯ ತವರು. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತು, ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಿದ್ದ ಸೋದರಮಾವಂದಿರನ್ನು ನಾನು ಬಾಲ್ಯದಲ್ಲಿ ಕಂಡಿದ್ದೇನೆ. ಇಳಕಲ್ ಸೀರೆಗೂ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಆದರೂ ಅದೇ ಹೆಸರಿನಲ್ಲಿ ವಿದ್ಯುತ್ ಮಗ್ಗದ ಸೀರೆ ಅಗ್ಗಕ್ಕೆ ಮಾರಾಟವಾಗುವುದನ್ನು ತಡೆಯುವವರಿಲ್ಲ, ಕೊಳ್ಳುವ ನಾವೂ ಕೇಳುವುದಿಲ್ಲ. ಜೇಡರ ದಾಸಿಮಯ್ಯನ ಕಾಯಕವನ್ನು ಜಯಂತಿಯ ವೇದಿಕೆಯಲ್ಲಿ ಕೊಂಡಾಡುವ ನಮ್ಮ ಮನೆಗಳಲ್ಲಿ ಕೈಮಗ್ಗದ ಸೀರೆಗಳೆಷ್ಟಿವೆ ಎಂದು ಗೃಹಿಣಿಯರು ಕಪಾಟು ತೆರೆದು ಎಣಿಸಲಿ.

ಆ ವೃದ್ಧರು ಮಗ್ಗ ನಿಲ್ಲಿಸಿ, ತಮ್ಮ ಭಾಷೆಯ ಚಿಂತೆಯನ್ನು ತೋಡಿಕೊಂಡರಂತೆ. ಅವರ ಮಾತಿಗೆ ಅಂಕಿಗಳ ಬೆಂಬಲವೂ ಇದೆ. 2011ರ ಜನಗಣತಿಯಲ್ಲಿ ಆ ದ್ವೀಪಗಳ ನೂರಕ್ಕೆ 52 ಜನ ಗೇಲಿಕ್ ಮಾತನಾಡುತ್ತಿದ್ದರು, 2022ರಲ್ಲಿ 45. ನೆಲವನ್ನು ಮರಳಿ ಕ್ರಯಕ್ಕೆ ಪಡೆಯಬಹುದು, ಭಾಷೆಯನ್ನು ಯಾರಿಂದ ಕ್ರಯಕ್ಕೆ ಪಡೆಯುವುದು?

ಅದೇ ಸಂಜೆ ಉತ್ತರ ತುದಿಯ ದೀಪಸ್ತಂಭ ಮುಟ್ಟಿದರು. 1862ರ, ಬಣ್ಣ ಬಳಿಯದ ಕೆಂಪು ಇಟ್ಟಿಗೆಯ ಕಟ್ಟಡ. ಮುಂದೆ ದಾರಿಯಿಲ್ಲ. ಮರುದಿನ ಸ್ಟೋರ್ನೊವೇಯಿಂದ ಹಡಗಿನಲ್ಲಿ ಹಿಂದಿರುಗುವಾಗ, ಬಂದರಿನ ಬಾಯಿಯಲ್ಲಿ ಒಂದು ಸ್ಮಾರಕ ಕಂಡಿತು. ಮೊದಲ ಮಹಾಯುದ್ಧ ಮುಗಿಸಿ ಮನೆಗೆ ಮರಳುತ್ತಿದ್ದ ನಾವಿಕರ ಹಡಗು 1919ರ ಜನವರಿ 1ರ ನಸುಕಿನಲ್ಲಿ ಅಲ್ಲಿಯ ಬಂಡೆಗಳಿಗೆ ಬಡಿದು 201 ಜನ ಸತ್ತರು. ಊರಿನ ದೀಪಗಳು ಕಾಣುವಷ್ಟು ಸಮೀಪ.

ಮಕ್ಕಳು ಈ ಯಾತ್ರೆಗೆ ಹೊರಡುವುದಾದರೆ ಮೇ ಅಥವಾ ಜೂನ್ ತಿಂಗಳು ಲೇಸು. ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುವುದರಿಂದ ದಕ್ಷಿಣದಿಂದ ಉತ್ತರಕ್ಕೆ ಸಾಗಬೇಕು. ಗಾಳಿಗಾಗಿ ಎರಡು ದಿನ ಕೈಯಲ್ಲಿ ಹೆಚ್ಚು ಇರಲಿ. ಶನಿವಾರ ಮಧ್ಯಾಹ್ನದೊಳಗೆ ಸಾಮಾನು ಕೊಂಡಿಡಬೇಕು. ಸ್ಕಾಟ್ಲೆಂಡಿನ 2003ರ ಕಾಯಿದೆಯಂತೆ ಬಯಲಿನಲ್ಲಿ ಗುಡಾರ ಹಾಕಲು ಅವಕಾಶವಿದೆ. ಒಕ್ಕಲಿನ ಬೇಲಿ, ಬೆಳೆಗಳಿಗೆ ತೊಂದರೆಯಾಗಬಾರದು, ಅಷ್ಟೆ. ವಿಭೂತಿಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಡುವುದು. ಖಡಕ್ ರೊಟ್ಟಿ ದಾರಿಯಲ್ಲಿ ಒಡೆಯುತ್ತದೆ, ಅದಕ್ಕೆ ಚಿಂತೆ ಬೇಡ; ಚೂರನ್ನು ಮೊಸರಿನಲ್ಲಿ ನೆನೆಯಿಟ್ಟು ಶೇಂಗಾ ಪುಡಿ ಉದುರಿಸಿಕೊಂಡರೆ ಒಂದು ಹೊತ್ತಿನ ಊಟವಾಗುತ್ತದೆ.