ಕರೆಂಟ್ ಹೋದಾಗ ಮಾತ್ರ ರೇಡಿಯೋ ಚೆನ್ನಾಗಿ ಕೇಳುತ್ತಾ? ಹಿತ್ತಲ ತಂತಿ ಎಳೆಯುವ ಮುಂಚೆ ಇದನ್ನು ಓದಿ

ಚಿತ್ರದುರ್ಗ: ಮೀಡಿಯಂ ವೇವ್‌ನಲ್ಲಿ ಬೆಂಗಳೂರು ಅಥವಾ ಧಾರವಾಡ ಆಕಾಶವಾಣಿ ಕೇಳುವವರಿಗೆ ಒಂದು ವಿಷಯ ಗೊತ್ತೇ ಇರುತ್ತೆ. ದಿನವಿಡೀ ಗೊರಗೊರ ಅನ್ನುವ ರೇಡಿಯೋ, ಊರಲ್ಲಿ ಕರೆಂಟ್ ಹೋದ ಕೂಡಲೇ ಸ್ವಚ್ಛವಾಗಿ ಮಾತಾಡೋಕೆ ಶುರು ಮಾಡುತ್ತೆ. ಕರೆಂಟ್ ಬಂತೋ, ಮತ್ತೆ ಅದೇ ಗೊರಗೊರ.

ಹಾಗಾದ್ರೆ ರೇಡಿಯೋ ಕೆಟ್ಟಿಲ್ಲ, ಸ್ಟೇಷನ್ನೂ ದುರ್ಬಲ ಆಗಿಲ್ಲ. ಗಲಾಟೆ ಹುಟ್ಟುತ್ತಿರೋದು ಮನೆಯೊಳಗೇ. ಇದು ಗೊತ್ತಿಲ್ಲದೆ ಎಷ್ಟೋ ಜನ ಹೊಸ ರೇಡಿಯೋ ಕೊಳ್ಳುತ್ತಾರೆ, ಇಲ್ಲವೇ ಹಿತ್ತಲಲ್ಲಿ ಉದ್ದುದ್ದ ತಂತಿ ಎಳೆಯುತ್ತಾರೆ. ತಂತಿ ಉದ್ದವಾದಷ್ಟೂ ಗೊರಗೊರವೂ ಜೋರಾಗುತ್ತೆ. ಸಂತೆ ಗದ್ದಲದಲ್ಲಿ ಒಬ್ಬರ ಮಾತು ಕೇಳಿಸದಿದ್ದರೆ ಕಿವಿ ದೊಡ್ಡದು ಮಾಡಿ ಪ್ರಯೋಜನ ಇಲ್ಲ, ಸಂತೆಯಿಂದ ನಾಲ್ಕು ಹೆಜ್ಜೆ ಆಚೆ ಬರಬೇಕು. ತಂತಿ ವಿಷಯದಲ್ಲೂ ಅಷ್ಟೇ.

ಮೊದಲು ಮೇನ್ ಸ್ವಿಚ್ ಪರೀಕ್ಷೆ

ಸೆಲ್ ಹಾಕಿದ ರೇಡಿಯೋವನ್ನು ಮಧ್ಯಾಹ್ನದ ಹೊತ್ತು ಬೆಂಗಳೂರು ಸ್ಟೇಷನ್‌ಗೆ, ಅಂದರೆ 612 ಕಿಲೋಹರ್ಟ್ಸ್‌ಗೆ, ಇಲ್ಲವೇ ಧಾರವಾಡದ 765ಕ್ಕೆ ಇಡಿ. ಮನೆಯ ಮೇನ್ ಸ್ವಿಚ್ ಆಫ್ ಮಾಡಿ. ಇನ್ವರ್ಟರ್ ಇದ್ದರೆ ಅದನ್ನೂ ಆಫ್ ಮಾಡಬೇಕು, ಇಲ್ಲದಿದ್ದರೆ ಪರೀಕ್ಷೆಯೇ ಸುಳ್ಳಾಗುತ್ತೆ. ಗೊರಗೊರ ನಿಂತರೆ ಕಳ್ಳ ಮನೆಯಲ್ಲೇ ಇದ್ದಾನೆ. ಆಮೇಲೆ ಮೇನ್ ಆನ್ ಮಾಡಿ, ಒಂದೊಂದೇ ವಸ್ತು ಹಚ್ಚುತ್ತಾ ಕೇಳಿ.

ಸಾಮಾನ್ಯವಾಗಿ ಸಿಕ್ಕಿಬೀಳುವವರು ಇವರು: ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಸೆಟ್‌ಟಾಪ್ ಬಾಕ್ಸ್‌ನ ಅಡಾಪ್ಟರ್, ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್, ಇನ್ವರ್ಟರ್, ಸೋಲಾರ್‌ನ ಚಾರ್ಜ್ ಕಂಟ್ರೋಲರ್. ಇವೆಲ್ಲ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ, ಫ್ಯಾನ್ ರೆಗ್ಯುಲೇಟರ್ ನೂರು ಸಲ, ಕತ್ತರಿಸಿ ಬಿಡುತ್ತವೆ. ಆ ಕತ್ತರಿಸುವಿಕೆಯ ಸದ್ದು ಮನೆಯ ವೈರಿಂಗ್ ಹಿಡಿದು ಹರಡುತ್ತೆ, ಅದು ಬಂದು ಬೀಳೋದು ಮೀಡಿಯಂ ವೇವ್ ಮೇಲೇ. ಬಲ್ಬಿನ ಕಂಪನಿ ಬದಲಿಸಿದರೂ ಎಷ್ಟೋ ಕಡೆ ಅರ್ಧ ತೊಂದರೆ ಮುಗಿಯುತ್ತೆ. ಒಂದೇ ಅಂಗಡಿಯಲ್ಲಿ ಹತ್ತು ಎಲ್‌ಇಡಿ ಉರಿಸುವ ವ್ಯಾಪಾರಿಗಳು ಇದನ್ನು ಮೊದಲು ನೋಡಬೇಕು.

ಮೇನ್ ಆಫ್ ಮಾಡಿದರೂ ಸದ್ದು ನಿಲ್ಲದಿದ್ದರೆ ಅದು ಪಕ್ಕದ ಮನೆಯದ್ದಿರಬಹುದು, ಇಲ್ಲ ಬೀದಿ ಕಂಬದ್ದಿರಬಹುದು. ಚಟಪಟ, ಬುಸ್ ಅನ್ನುವ ಸದ್ದು ಕಂಬದ ಹತ್ತಿರ ಹೋದಷ್ಟೂ ಜೋರಾದರೆ ಅಲ್ಲಿ ಸಡಿಲ ಜಾಯಿಂಟ್ ಅಥವಾ ಬಿರುಕು ಬಿಟ್ಟ ಪಿಂಗಾಣಿ ಇದ್ದೀತು. ಇದು ರೇಡಿಯೋ ವಿಚಾರ ಮಾತ್ರ ಅಲ್ಲ, ಅಪಾಯವೂ ಹೌದು. ಬೆಸ್ಕಾಂ ಸಹಾಯವಾಣಿ 1912ಕ್ಕೆ ಕಂಬದ ನಂಬರ್ ಸಮೇತ ತಿಳಿಸಿ.

ಮೇಲಕ್ಕೆ ಎಳೆಯುವ ಕಡ್ಡಿ ಇದಕ್ಕಲ್ಲ

ಬಹಳ ಜನ ರೇಡಿಯೋದ ಸ್ಟೀಲ್ ಕಡ್ಡಿಯನ್ನು ಮೇಲಕ್ಕೆಳೆದು, ಅದಕ್ಕೇ ತಂತಿ ಸಿಕ್ಕಿಸುತ್ತಾರೆ. ಸಾಮಾನ್ಯ ಸೆಟ್‌ಗಳಲ್ಲಿ ಆ ಕಡ್ಡಿ ಎಫ್‌ಎಂ ಮತ್ತು ಶಾರ್ಟ್ ವೇವ್‌ಗೆ. ಮೀಡಿಯಂ ವೇವ್‌ಗೆ ಏರಿಯಲ್ ಇರೋದು ಡಬ್ಬಿಯ ಒಳಗೆ: ತಂತಿ ಸುತ್ತಿದ ಕಪ್ಪು ಫೆರೈಟ್ ಕಡ್ಡಿ. ಹೆಚ್ಚಾಗಿ ಅದು ಸೆಟ್‌ನ ಮೇಲ್ಭಾಗದಲ್ಲಿ ಅಡ್ಡಕ್ಕೆ ಮಲಗಿರುತ್ತೆ.

ಈ ಕಡ್ಡಿಗೆ ದಿಕ್ಕು ಮುಖ್ಯ. ಅದರ ಪಕ್ಕ ಸ್ಟೇಷನ್ ಕಡೆಗಿದ್ದರೆ ಚೆನ್ನಾಗಿ ಕೇಳುತ್ತೆ, ತುದಿ ಸ್ಟೇಷನ್ ಕಡೆಗಿದ್ದರೆ ಧ್ವನಿ ಇಳಿದುಹೋಗುತ್ತೆ. ಇದರಲ್ಲಿ ನಮ್ಮ ಜಿಲ್ಲೆಯವರಿಗೆ ಒಂದು ಅನುಕೂಲ ಇದೆ. ಚಿತ್ರದುರ್ಗದಿಂದ ನೋಡಿದರೆ ಬೆಂಗಳೂರು ಆಗ್ನೇಯಕ್ಕೆ, ಧಾರವಾಡ ವಾಯವ್ಯಕ್ಕೆ, ಎರಡೂ ಹೆಚ್ಚುಕಡಿಮೆ ಒಂದೇ ಗೆರೆ ಮೇಲಿವೆ. ನೇರ ಅಂತರವೂ ಎರಡಕ್ಕೂ ಸುಮಾರು 200 ಕಿಲೋಮೀಟರ್. ಹಾಗಾಗಿ ರೇಡಿಯೋದ ಉದ್ದ ಈಶಾನ್ಯ–ನೈಋತ್ಯಕ್ಕೆ ಬರುವ ಹಾಗೆ ಇಟ್ಟರೆ ಎರಡೂ ಸ್ಟೇಷನ್‌ಗೆ ಒಂದೇ ಜಾಗ ಸಾಕು. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ನಂಬರ್ ಒತ್ತುವ ಡಿಜಿಟಲ್ ಸೆಟ್ ಇದ್ದವರು ಇನ್ನೊಂದು ನೋಡಬೇಕು. ನಮ್ಮ ದೇಶದಲ್ಲಿ ಮೀಡಿಯಂ ವೇವ್ ಸ್ಟೇಷನ್‌ಗಳು 9 ಕಿಲೋಹರ್ಟ್ಸ್ ಲೆಕ್ಕದಲ್ಲಿ ಇವೆ. ಸೆಟ್ 10ರ ಲೆಕ್ಕದಲ್ಲಿದ್ದರೆ 610, 620 ಅಂತ ಜಿಗಿಯುತ್ತೆ, 612ರ ಮೇಲೆ ಸರಿಯಾಗಿ ನಿಲ್ಲೋದೇ ಇಲ್ಲ. 9ಕ್ಕೆ ಬದಲಿಸಿಕೊಳ್ಳಿ.

ತಂತಿ: ಉದ್ದಕ್ಕಿಂತ ಎತ್ತರ, ಎತ್ತರಕ್ಕಿಂತ ಜಾಗ

ಇಷ್ಟಾದ ಮೇಲೂ ಧ್ವನಿ ಸಾಲದಿದ್ದರೆ ಆಗ ತಂತಿ. 612 ಕಿಲೋಹರ್ಟ್ಸ್‌ನ ಒಂದು ಅಲೆಯ ಉದ್ದ ಸುಮಾರು 490 ಮೀಟರ್. ಅದರ ಕಾಲು ಭಾಗ ಅಂದರೂ 120 ಮೀಟರ್ ದಾಟುತ್ತೆ. ಅಷ್ಟು ಹಿತ್ತಲು ಯಾರಿಗಿದೆ? ಅದಕ್ಕೆ ಅಳತೆಯ ಚಿಂತೆ ಬಿಡಿ. 15ರಿಂದ 30 ಮೀಟರ್ ಪ್ಲಾಸ್ಟಿಕ್ ಹೊದಿಕೆಯ ತಾಮ್ರದ ವೈರ್, ಮನೆ ವೈರಿಂಗ್‌ಗೆ ಬಳಸುವ 1 ಅಥವಾ 1.5 ಸ್ಕ್ವೇರ್ ಎಂಎಂನದ್ದು, ಸಾಕು.

ಹಗಲು ಹೊತ್ತು ಈ ಅಲೆಗಳು ನೆಲ ಹಿಡಿದುಕೊಂಡೇ ಬರುತ್ತವೆ. ಅವನ್ನು ಹೆಚ್ಚು ಹಿಡಿಯೋದು ತಂತಿಯ ನೇರ ಇಳಿಯುವ ಭಾಗ. ಮೇಲೆ ಅಡ್ಡ ಎಳೆದ ಭಾಗ ಅದಕ್ಕೆ ಬಲ ಕೊಡುತ್ತೆ ಅಷ್ಟೆ. ಜನ ಮಾಡುವ ತಪ್ಪು ಇಲ್ಲೇ. ತೆಂಗಿನ ಮರದಿಂದ ಮನೆವರೆಗೆ ತಂತಿ ಎಳೆದು, ಗೋಡೆ ಪಕ್ಕದಲ್ಲೇ ಕಿಟಕಿಯೊಳಗೆ ಇಳಿಸುತ್ತಾರೆ. ಹೆಚ್ಚು ಕೇಳಿಸಿಕೊಳ್ಳುವ ಭಾಗವನ್ನೇ ತಂದು ಮನೆ ವೈರಿಂಗ್ ಪಕ್ಕ ನಿಲ್ಲಿಸಿದ ಹಾಗಾಯ್ತು.

ಇದನ್ನು ಉಲ್ಟಾ ಮಾಡಿ. ತಂತಿ ಇಳಿಯುವ ಜಾಗ ಮನೆಯಿಂದ ದೂರದ ಮರದ ಬುಡದಲ್ಲಿರಲಿ. ಅಲ್ಲೇ ನಾಲ್ಕೈದು ಅಡಿಯ ಜಿಐ ಪೈಪ್ ಅಥವಾ ತಾಮ್ರದ ರಾಡ್ ಹೂತು ಅರ್ಥಿಂಗ್ ಮಾಡಿ, ಬೇಸಿಗೆಯಲ್ಲಿ ಆಗಾಗ ನೀರು ಬಿಡಿ. ಸ್ವಿಚ್ ಬೋರ್ಡಿನ ಅರ್ಥ್‌ಗೆ ಮಾತ್ರ ಸೇರಿಸಬೇಡಿ, ಮನೆಯ ಗಲಾಟೆಯೆಲ್ಲ ಅದರಲ್ಲೂ ಓಡಾಡುತ್ತಿರುತ್ತೆ. ಮರದ ಬುಡದಿಂದ ಮನೆಗೆ ಡಿಶ್ ಕೇಬಲ್ ತನ್ನಿ. ಎಷ್ಟೋ ಮನೆಯಲ್ಲಿ ಹಳೇ ಕೇಬಲ್ ಸುರುಳಿ ಬಿದ್ದೇ ಇರುತ್ತೆ.

ತಂತಿಗೂ ಕೇಬಲ್‌ಗೂ ನಡುವೆ ಒಂದು ಸಣ್ಣ ಟ್ರಾನ್ಸ್‌ಫಾರ್ಮರ್ ಬೇಕು. ಕಪ್ಪು ಫೆರೈಟ್ ಬಳೆಯ ಮೇಲೆ ಸಣ್ಣ ಎನಾಮಲ್ ತಂತಿಯ 30 ಸುತ್ತು ಒಂದು ಕಡೆ, 10 ಸುತ್ತು ಇನ್ನೊಂದು ಕಡೆ. 30 ಸುತ್ತಿನ ಒಂದು ತುದಿ ಏರಿಯಲ್‌ಗೆ, ಇನ್ನೊಂದು ಅರ್ಥಿಂಗ್‌ಗೆ. 10 ಸುತ್ತಿನ ಎರಡು ತುದಿ ಕೇಬಲ್‌ನ ಒಳತಂತಿಗೆ ಮತ್ತು ಜಾಲರಿಗೆ. ಎರಡು ಸುತ್ತುಗಳು ಒಂದಕ್ಕೊಂದು ಮುಟ್ಟಬಾರದು. ಆಗ ಮನೆಯ ಸದ್ದು ಕೇಬಲ್ ಜಾಲರಿ ಹಿಡಿದು ಏರಿಯಲ್‌ಗೆ ಹತ್ತೋದು ತಪ್ಪುತ್ತೆ. ಹಳೇ ಕಂಪ್ಯೂಟರ್ ಪವರ್ ಸಪ್ಲೈನಲ್ಲಿ ಸಿಗುವ ಹಳದಿ–ಬಿಳಿ ಬಣ್ಣದ ಬಳೆ ಈ ಕೆಲಸಕ್ಕೆ ಸರಿಹೋಗಲ್ಲ. ಮಳೆ ನೀರು ಬೀಳದಂತೆ ಎಲ್ಲವನ್ನೂ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ.

ರೇಡಿಯೋದಲ್ಲಿ ಏರಿಯಲ್ ತೂತು ಇಲ್ಲದಿದ್ದರೆ ಬಿಚ್ಚೋಕೆ ಹೋಗಬೇಡಿ. ಒಂದು ವೈರನ್ನು ಸೆಟ್‌ನ ಉದ್ದಕ್ಕೆ ಅಡ್ಡಲಾಗಿ, ಒಳಗಿನ ಕಡ್ಡಿಯ ಸುತ್ತ ಬರುವ ಹಾಗೆ, ಹೊರಗಿನಿಂದಲೇ ಐದಾರು ಸುತ್ತು ಸುತ್ತಿ. ಅದರ ಒಂದು ತುದಿ ಕೇಬಲ್‌ನ ಒಳತಂತಿಗೆ, ಇನ್ನೊಂದು ಜಾಲರಿಗೆ. ಒಂದರ ಮೇಲೊಂದು ಸ್ಟೇಷನ್ ಕೇಳೋಕೆ ಶುರುವಾದರೆ ಸಿಗ್ನಲ್ ಜಾಸ್ತಿಯಾಗಿದೆ ಅಂತ ಅರ್ಥ, ಸುತ್ತು ಕಡಿಮೆ ಮಾಡಿ.

ಹಿತ್ತಲೇ ಇಲ್ಲದ ಅಂಗಡಿಯವರಿಗೆ

ಎರಡು ಅಡಿ ಚೌಕದ ಮರದ ಫ್ರೇಮಿಗೆ 14 ಸುತ್ತು ವೈರ್ ಸುತ್ತಿ. ಸುತ್ತಿಗೂ ಸುತ್ತಿಗೂ ನಡುವೆ ಒಂದು ಸೆಂಟಿಮೀಟರ್ ಬಿಡಿ. ಎರಡು ತುದಿಯನ್ನೂ ಹಳೇ ಟ್ರಾನ್ಸಿಸ್ಟರ್‌ನ ಗ್ಯಾಂಗ್ ಕಂಡೆನ್ಸರ್‌ಗೆ ಸೇರಿಸಿ. ಮುಳ್ಳು 612ಕ್ಕೆ ತಲುಪದಿದ್ದರೆ ಒಂದೆರಡು ಸುತ್ತು ಸೇರಿಸಿ. ಫ್ರೇಮಿನ ಹತ್ತಿರ ರೇಡಿಯೋ ಇಟ್ಟು ಕಂಡೆನ್ಸರ್ ತಿರುಗಿಸಿದರೆ ಒಂದು ಜಾಗದಲ್ಲಿ ಧ್ವನಿ ಧಡಕ್ಕನೆ ಏರುತ್ತೆ. ಇದಕ್ಕೆ ಕರೆಂಟೂ ಬೇಡ, ಸೆಲ್ಲೂ ಬೇಡ. ಫ್ರೇಮಿನ ಅಂಚು ಆಗ್ನೇಯ–ವಾಯವ್ಯಕ್ಕೆ ಮುಖ ಮಾಡಿರಲಿ. ಸದ್ದು ಮಾಡುವ ವಸ್ತು ಒಂದೇ ದಿಕ್ಕಿನಲ್ಲಿದ್ದರೆ ಫ್ರೇಮ್ ಸ್ವಲ್ಪ ತಿರುಗಿಸಿ ಅದನ್ನು ತಗ್ಗಿಸಲೂ ಬಹುದು.

ಜೀವಕ್ಕಿಂತ ರೇಡಿಯೋ ದೊಡ್ಡದಲ್ಲ

ಏರಿಯಲ್ ತಂತಿ ವಿದ್ಯುತ್ ಲೈನಿನ ಮೇಲೆ, ಕೆಳಗೆ, ಹತ್ತಿರ ಎಲ್ಲೂ ಹೋಗಕೂಡದು. ಕಡಿದು ಬಿದ್ದರೂ ಲೈನಿಗೆ ತಾಗದಷ್ಟು ದೂರ ಇರಬೇಕು. ಬೆಸ್ಕಾಂ ಕಂಬಕ್ಕೆ ಕಟ್ಟುವ ಮಾತೇ ಬೇಡ. ಲೈನ್ ಇರುವ ಕಡೆ ಕಲ್ಲು ಕಟ್ಟಿ ತಂತಿ ಎಸೆಯಬೇಡಿ. ಮರ ಗಾಳಿಗೆ ತೂಗುತ್ತೆ, ಅದಕ್ಕೆ ತಂತಿಯನ್ನು ಬಿಗಿ ಎಳೆಯದೆ ನೈಲಾನ್ ಹಗ್ಗದ ತುಂಡು ಸೇರಿಸಿ ಸ್ವಲ್ಪ ಸಡಿಲ ಬಿಡಿ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಬರುವ ಮುಂಚೆಯೇ ಕೇಬಲನ್ನು ಮನೆಯಿಂದ ಕಿತ್ತು ಹೊರಗೆ ಹಾಕಬೇಕು, ಏರಿಯಲ್ ತಂತಿಯನ್ನು ನೇರ ಅರ್ಥಿಂಗ್ ರಾಡ್‌ಗೆ ಸೇರಿಸಬೇಕು. ಗುಡುಗು ಶುರುವಾದ ಮೇಲೆ ತಂತಿ ಮುಟ್ಟಲೇಬಾರದು. ಆ ಹೊತ್ತಿನಲ್ಲಿ ರೇಡಿಯೋ ಬೇಕು ಅನಿಸಿದರೆ ತಂತಿ ಇಲ್ಲದೆ ಸೆಲ್ ಮೇಲೆ ಮನೆಯೊಳಗೇ ಕೇಳಿ. ಕರೆಂಟ್ ಹೋಗಿದ್ದರೆ ಮನೆಯ ಗಲಾಟೆಯೂ ಇರಲ್ಲ, ಒಳಗಿನ ಫೆರೈಟ್ ಕಡ್ಡಿಯೇ ಎಷ್ಟೋ ಕಡೆ ಸಾಕಾಗುತ್ತೆ.

ರಾತ್ರಿ ಧ್ವನಿ ಏರುಪೇರಾಗುವುದಕ್ಕೆ ಮಾತ್ರ ಯಾವ ತಂತಿಯೂ ಮದ್ದಲ್ಲ. ಸೂರ್ಯ ಮುಳುಗಿದ ಮೇಲೆ ಮೀಡಿಯಂ ವೇವ್ ಆಕಾಶದ ಮೇಲಿನ ಪದರಕ್ಕೆ ಬಡಿದು ವಾಪಸ್ ಬರುತ್ತೆ. ದೂರದ ರಾಜ್ಯದ ಸ್ಟೇಷನ್‌ಗಳೂ ಬಂದು ಸೇರಿಕೊಳ್ಳುತ್ತವೆ. ಆದ್ದರಿಂದ ಏರಿಯಲ್ ಸುಧಾರಿಸಿತೋ ಇಲ್ಲವೋ ಅಂತ ನೋಡೋದಾದರೆ ಬೆಳಗ್ಗೆ 11ರಿಂದ ಮಧ್ಯಾಹ್ನ 3ರೊಳಗೆ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮೊದಲು ಖರ್ಚಿಲ್ಲದ್ದು, ಆಮೇಲೆ ಖರ್ಚಿನದ್ದು. ಬಲ್ಬ್ ಬದಲಿಸಿ, ದಿಕ್ಕು ತಿರುಗಿಸಿದ್ದಕ್ಕೇ ಕೆಲಸ ಆದರೆ ತಂತಿಯ ದುಡ್ಡು ಉಳಿಯಿತು.