ಬ್ಯಾರನ್ನಿನ ಒಲೆ, ಕೊಳವೆ, ಕಿಂಡಿ: ಒಣಗಿಸುವ ಮನೆಯ ತಪಾಸಣೆ ಮತ್ತು ಸುರಕ್ಷತೆ

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿಯೂ ಕೆ.ಆರ್. ನಗರದ ನಾಲೆ ನೀರು ಹತ್ತದ ಭಾಗಗಳಲ್ಲಿಯೂ ಮಳೆಯನ್ನೇ ನಂಬಿದ ಹೊಲಗಳ ಅಂಚಿಗೆ, ಕಿಟಕಿಗಳಿಲ್ಲದ ಎತ್ತರದ ಗೋಡೆಗಳು, ನೆತ್ತಿಯಲ್ಲಿ ಗಾಳಿಕಿಂಡಿ ಮತ್ತು ಬದಿಯಲ್ಲೊಂದು ಚಿಮಣಿ ಇರುವ ಚೌಕ ಕಟ್ಟಡಗಳು ಸಾಲುಸಾಲಾಗಿ ಕಾಣುತ್ತವೆ. ಇವನ್ನು ಬ್ಯಾರನ್ ಎನ್ನುತ್ತಾರೆ. ವರ್ಜೀನಿಯಾ ತಂಬಾಕಿನ, ಅಂದರೆ ಊರಮಾತಿನ ಹೊಗೆಸೊಪ್ಪಿನ ಹಸಿ ಎಲೆಯನ್ನು ಶಾಖ ಕೊಟ್ಟು ಹದ ಮಾಡುವ ಮನೆ ಇದು. 1975ರ ಕಾಯ್ದೆಯಂತೆ 1976ರ ಜನವರಿಯಲ್ಲಿ ಅಸ್ತಿತ್ವಕ್ಕೆ ಬಂದ ತಂಬಾಕು ಮಂಡಳಿಯು ಬೆಳೆಗಾರನ ಜೊತೆಗೆ ಬ್ಯಾರನ್ನನ್ನೂ ನೋಂದಾಯಿಸಿ ಪರವಾನಗಿ ನೀಡುತ್ತದೆಯಾದ್ದರಿಂದ, ಈ ಸೀಮೆಯಲ್ಲಿ ಬ್ಯಾರನ್ ಒಂದು ಕುಟುಂಬದ ಆಸ್ತಿಯೂ ಹೌದು, ದಾಖಲೆಯೂ ಹೌದು. ಇಂತಹ ಆಸ್ತಿ ಹದ ಮಾಡುವ ತಿಂಗಳುಗಳಲ್ಲಿ ಒಂದೇ ರಾತ್ರಿಯಲ್ಲಿ ಸುಟ್ಟು ಬೂದಿಯಾದ ಸುದ್ದಿ ಪತ್ರಿಕೆಗಳ ಜಿಲ್ಲಾ ಪುಟಗಳಿಗೆ ಹೊಸದಲ್ಲ. ಅಂತಹ ಬೆಂಕಿಗೆ ಆ ರಾತ್ರಿ ಒಲೆಯ ಮುಂದೆ ಕುಳಿತವನ ತೂಕಡಿಕೆಯನ್ನು ದೂರುವುದು ರೂಢಿಯಾದರೂ, ಕಾರಣಗಳಲ್ಲಿ ಹೆಚ್ಚಿನವು ಒಲೆ ಹೊತ್ತಿಸುವ ಮೊದಲೇ, ತಣ್ಣಗಿನ ಬ್ಯಾರನ್ನಿನಲ್ಲಿ ಕಣ್ಣಿಗೆ ಬೀಳುವಂಥವು.

ಬ್ಯಾರನ್ ಎಲೆಯ ಒಳಗೆ ಸೇರಿಕೊಂಡಿರುವ ನೀರನ್ನು ಹೊರಗೆ ತರಬೇಕು. ಹಸಿ ಎಲೆಯ ತೂಕದಲ್ಲಿ ಶೇ 80ಕ್ಕಿಂತ ಹೆಚ್ಚು ನೀರೇ ಇರುವುದರಿಂದ, ಒಂದು ಕಿಲೋ ಹದಗೊಂಡ ಎಲೆಗೆ ಸುಮಾರು 6 ಕಿಲೋ ನೀರು ಆವಿಯಾಗಿ ಹೋಗಬೇಕೆಂದು ಹಿಡಿಯಬಹುದು. ಒಂದು ಕಿಲೋ ನೀರು ಆವಿಯಾಗಲು ಸುಮಾರು 570 ಕಿಲೋಕ್ಯಾಲರಿ ಶಾಖ ಬೇಕು. ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆ 3,500 ಕಿಲೋಕ್ಯಾಲರಿಯಷ್ಟನ್ನು ಕೊಡುತ್ತದೆ. ಬರಿಯ ಲೆಕ್ಕದ ಪ್ರಕಾರ ಒಂದು ಕಿಲೋ ಎಲೆಗೆ ಒಂದು ಕಿಲೋ ಸೌದೆ ಸಾಕು. ವಾಸ್ತವದಲ್ಲಿ ಹಳೆಯ ಮಾದರಿಯ ಬ್ಯಾರನ್ನುಗಳು ನಾಲ್ಕೈದು ಕಿಲೋ ನುಂಗುತ್ತವೆ. ಉಳಿದ ಶಾಖ ಚಿಮಣಿಯಿಂದ, ಗೋಡೆಯಿಂದ, ಮಾಡಿನಿಂದ, ಬಾಗಿಲಿನ ಸಂದಿನಿಂದ ಸೋರಿಹೋಗುತ್ತದೆ, ಹಸಿ ಸೌದೆಯ ಸ್ವಂತ ನೀರನ್ನು ಆವಿ ಮಾಡುವುದರಲ್ಲಿಯೂ ವ್ಯಯವಾಗುತ್ತದೆ. ಬಿರುಕು ಮುಚ್ಚುವ ಕೆಲಸ ಸುರಕ್ಷತೆಗೆ ಎಷ್ಟು ಅಗತ್ಯವೋ ನೀಲಗಿರಿ, ಸರ್ವೆ ಸೌದೆಯ ಖರ್ಚು ತಗ್ಗಿಸಲೂ ಅಷ್ಟೇ ಅಗತ್ಯ ಎಂಬುದನ್ನು ಈ ಅಂಕಿಗಳು ತೋರಿಸುತ್ತವೆ.

ಬ್ಯಾರನ್ನಿನ ಒಳರಚನೆ ಸರಳವಾದುದು. ಹೊರಗೋಡೆಯಲ್ಲಿ ಬಾಯಿ ತೆರೆದಿರುವ ಒಲೆಯಲ್ಲಿ ಸೌದೆ ಉರಿಯುತ್ತದೆ. ಅದರ ಬಿಸಿ ಹೊಗೆಯು ನೆಲಕ್ಕಿಂತ ತುಸು ಮೇಲೆ ಒಳಗೆಲ್ಲ ಸುತ್ತು ಹಾಕಿರುವ ತಗಡಿನ ಹೊಗೆಕೊಳವೆಯ, ಅಂದರೆ ಫ್ಲೂ ಪೈಪಿನ ಮೂಲಕ ಹರಿದು ಚಿಮಣಿಯಿಂದ ಹೊರಬೀಳುತ್ತದೆ. ಹೊಗೆ ಎಲೆಯನ್ನು ಮುಟ್ಟಬಾರದು; ಕಾದ ಕೊಳವೆಯಿಂದ ಬಿಸಿಯಾದ ಗಾಳಿ ಮಾತ್ರ ಮೇಲೇರಿ, ಅಡ್ಡಮರಗಳ ಮೇಲೆ ಅಂತಸ್ತು ಅಂತಸ್ತಾಗಿ ತೂಗುಬಿಟ್ಟಿರುವ ಕಡ್ಡಿಗಳ ನಡುವೆ ನುಸುಳಿ ಮೇಲಿನ ಕಿಂಡಿಯಿಂದ ತೇವವನ್ನು ಹೊತ್ತುಕೊಂಡು ಹೋಗಬೇಕು. ಐದಾರು ದಿನಗಳ ಈ ಕೆಲಸದಲ್ಲಿ ಮೂರು ಘಟ್ಟಗಳಿವೆ. ಮೊದಲು ಸುಮಾರು 95ರಿಂದ 100 ಡಿಗ್ರಿ ಫ್ಯಾರನ್‌ಹೀಟ್ ಶಾಖದಲ್ಲಿ, ಕಿಂಡಿಗಳನ್ನು ಮುಚ್ಚಿ, ಎಲೆ ಹಳದಿಯಾಗುವಂತೆ ನೋಡಿಕೊಳ್ಳಲಾಗುತ್ತದೆ. ಅನಂತರ ಕಿಂಡಿಗಳನ್ನು ತೆರೆದು, ಶಾಖವನ್ನು ಹಂತಹಂತವಾಗಿ ಏರಿಸುತ್ತ ಎಲೆಯ ಹರವನ್ನು ಒಣಗಿಸುತ್ತಾರೆ. ಕೊನೆಗೆ ಕಿಂಡಿಗಳನ್ನು ಮತ್ತೆ ಮುಚ್ಚುತ್ತ 160 ಡಿಗ್ರಿಯವರೆಗೆ, ಅಂದರೆ 71 ಡಿಗ್ರಿ ಸೆಲ್ಸಿಯಸ್‌ವರೆಗೆ ಏರಿಸಿ ನಡುನರವನ್ನು ಒಣಗಿಸುತ್ತಾರೆ. ಎಲೆ ಗರಿಗರಿಯಾಗಿರುವ ಹೊತ್ತಿಗೇ ಒಲೆಯ ಉರಿ ಅತಿ ಜೋರಾಗಿರುವುದರಿಂದ, ಬ್ಯಾರನ್ನಿಗೆ ಬೆಂಕಿಯ ಭಯ ಹೆಚ್ಚಾಗಿರುವುದು ಈ ಕೊನೆಯ ಘಟ್ಟದಲ್ಲಿ.

ತಪಾಸಣೆಯು ಬೆಂಕಿ ಹೋಗುವ ದಾರಿಯನ್ನೇ ಹಿಡಿದು ಒಲೆಯಿಂದ ಚಿಮಣಿಯವರೆಗೆ ಸಾಗಬೇಕು. ಅದಕ್ಕೆ ತಕ್ಕ ಕಾಲ ಮೊದಲ ಕೊಯ್ಲಿಗೆ ಮುಂಚಿನ ಜೂನ್ ತಿಂಗಳು. ಒಲೆಯ ಇಟ್ಟಿಗೆಗಳ ನಡುವಿನ ಗಾರೆ ಉದುರಿದ್ದರೆ, ಕಮಾನು ಜಗ್ಗಿದ್ದರೆ ಆಗಲೇ ದುರಸ್ತಿ ಮಾಡಬೇಕು. ಹೆಚ್ಚು ಹೊತ್ತು ನೋಡಬೇಕಾದುದು ಹೊಗೆಕೊಳವೆಯನ್ನು. ತಗಡು ಕೆಡುವುದು ಉರಿಯುವಾಗ ಮಾತ್ರ ಎಂದು ಭಾವಿಸಬಾರದು: ಸೌದೆಯ ಹೊಗೆ ತಣಿದಾಗ ಇಳಿಯುವ ದ್ರವ ಆಮ್ಲೀಯವಾದುದು, ಕೊಳವೆಯ ತಳದಲ್ಲಿ ಉಳಿದ ಮಸಿ ಮತ್ತು ಬೂದಿ ಗಾಳಿಯ ತೇವವನ್ನು ಹೀರಿಕೊಳ್ಳುತ್ತವೆ, ಆದ್ದರಿಂದ ಬ್ಯಾರನ್ ಖಾಲಿ ಬಿದ್ದಿರುವ ತಿಂಗಳುಗಳಲ್ಲಿಯೇ ತುಕ್ಕು ಒಳಗಿನಿಂದ ತಿನ್ನುತ್ತಿರುತ್ತದೆ. ಮೇಲ್ಮೈ ಮಾತ್ರ ನೋಡಿ ಗಟ್ಟಿಯಾಗಿದೆ ಎಂದುಕೊಂಡ ಕೊಳವೆಯ ಅಡಿಭಾಗವನ್ನು ಸಣ್ಣ ಸುತ್ತಿಗೆಯಿಂದ ತಟ್ಟಿದರೆ, ಗಟ್ಟಿ ತಗಡು ಠಣ್ಣೆಂದು ಸದ್ದು ಮಾಡುತ್ತದೆ, ಸವೆದದ್ದು ಮಂಕಾಗಿ ಸದ್ದು ಮಾಡಿ ತಗ್ಗಿಹೋಗುತ್ತದೆ. ಬಾಗಿಲು ಮುಚ್ಚಿ ಕತ್ತಲೆ ಮಾಡಿ ಕೊಳವೆಯೊಳಗೆ ಟಾರ್ಚ್ ಹಾಯಿಸಿದರೆ, ಕಣ್ಣಿಗೆ ಬೀಳದ ತೂತುಗಳು ಬೆಳಕಿನ ಚುಕ್ಕೆಗಳಾಗಿ ಕಾಣುತ್ತವೆ. ಇದರ ಮೇಲೂ ಅನುಮಾನ ಉಳಿದರೆ ಹೊಗೆಯ ಪರೀಕ್ಷೆ ಇದೆ: ಒಲೆಯಲ್ಲಿ ಒಂದು ಹಿಡಿ ಒದ್ದೆ ಹುಲ್ಲಿಗೆ ಬೆಂಕಿ ಕೊಟ್ಟು, ಚಿಮಣಿಯ ಬಾಯನ್ನು ಸ್ವಲ್ಪ ಹೊತ್ತು ಗೋಣಿಚೀಲದಿಂದ ಮುಚ್ಚಿದರೆ, ಸೋರುವ ಕಡೆಯಲ್ಲೆಲ್ಲ ಹೊಗೆ ತಾನೇ ಎದ್ದು ತೋರಿಸುತ್ತದೆ, ನೋಡುವವರು ಬಾಗಿಲು ತೆರೆದಿಟ್ಟುಕೊಂಡು ಹೊಸ್ತಿಲಲ್ಲಿಯೇ ನಿಲ್ಲಬೇಕು.

ಕೊಳವೆಯ ಸಂದುಗಳಿಗೆ ಮೆತ್ತಿದ ಮಣ್ಣು ಪ್ರತಿ ವರ್ಷ ಬಿರಿಯುವುದರಿಂದ ಅದನ್ನು ಕೆರೆದು ತೆಗೆದು ಹೊಸದಾಗಿ ಮೆತ್ತಬೇಕು. ತೂತು ಬಿದ್ದ ತಗಡಿನ ಮೇಲೆ ಮಣ್ಣು ಮೆತ್ತಿ ಒಂದು ವರ್ಷ ದೂಡುವ ರೂಢಿಯಿದ್ದರೂ ಅದು ದುರಸ್ತಿಯಲ್ಲ. ಮಣ್ಣು ಉದುರುವುದು ಉರಿ ಜೋರಾದಾಗಲೇ. ಒಲೆಗೆ ತಾಗಿಕೊಂಡಿರುವ ಮೊದಲ ಭಾಗ ಎಲ್ಲಕ್ಕಿಂತ ಹೆಚ್ಚು ಕಾಯುವುದರಿಂದ ಅಲ್ಲಿ ದಪ್ಪ ತಗಡೇ ಬೇಕು, ಮತ್ತು ತಗಡು ಕೊಳ್ಳುವಾಗ ಗೇಜಿನ ಅಂಕಿ ದೊಡ್ಡದಾದಷ್ಟೂ ದಪ್ಪ ಕಡಿಮೆ ಎಂಬುದು ನೆನಪಿರಬೇಕು. ತೂತಿನ ಹಾನಿ ಕಿಡಿಗೆ ಮುಗಿಯುವುದಿಲ್ಲ. ಹೊಗೆ ಬೆರೆತರೆ ಎಲೆಗೆ ವಾಸನೆ ಹತ್ತಿ, ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ ಮುಂತಾದ ಹರಾಜು ಮಾರುಕಟ್ಟೆಗಳಲ್ಲಿ ಅದರ ದರ್ಜೆ ಇಳಿಯುತ್ತದೆ. ಅನಿಲದ ಉರಿಯನ್ನು ನೇರವಾಗಿ ಬ್ಯಾರನ್ನಿನೊಳಗೆ ಬಿಡುತ್ತಿದ್ದ ಅಮೆರಿಕದ ಬೆಳೆಗಾರರು 2000ದ ಆಸುಪಾಸಿನಲ್ಲಿ ತಮ್ಮ ಬ್ಯಾರನ್ನುಗಳನ್ನು ಹೊಗೆ ಮುಟ್ಟದ ಶಾಖವಿನಿಮಯದ ಮಾದರಿಗೆ ಬದಲಿಸಿಕೊಂಡದ್ದು, ಉರಿಯ ಅನಿಲದಲ್ಲಿನ ನೈಟ್ರೋಜನ್ ಆಕ್ಸೈಡುಗಳು ಎಲೆಯೊಡನೆ ವರ್ತಿಸಿ ಕ್ಯಾನ್ಸರ್‌ಕಾರಕವಾದ ನೈಟ್ರೋಸಮೈನ್‌ಗಳನ್ನು ಹೆಚ್ಚಿಸುತ್ತವೆಂದು ತಿಳಿದುಬಂದ ಮೇಲೆ. ಹೊಗೆಸೊಪ್ಪೇ ಬೇಡವೆಂಬ ವಾದ ಇದಕ್ಕಿಂತ ದೊಡ್ಡದು, ನ್ಯಾಯವಾದುದೂ ಹೌದು. ಆದರೆ ಒಲೆಗಳು ಉರಿಯುತ್ತಿರುವಷ್ಟು ಕಾಲ ಅವುಗಳ ಮುಂದೆ ಕೂರುವವರ ಸುರಕ್ಷತೆ ಆ ವಾದದ ತೀರ್ಮಾನಕ್ಕೆ ಕಾಯುವಂತಿಲ್ಲ.

ಕೊಳವೆ ಗಟ್ಟಿಯಾಗಿದ್ದರೂ ಎಲೆ ಅದರ ಮೇಲೆ ಬಿದ್ದರೆ ಬೆಂಕಿ ಹತ್ತುತ್ತದೆ, ಏಕೆಂದರೆ ಥರ್ಮಾಮೀಟರ್ 160 ತೋರಿಸುತ್ತಿರುವಾಗ ಒಲೆಯ ಹತ್ತಿರದ ತಗಡಿನ ಶಾಖ ಅದಕ್ಕಿಂತ ಎಷ್ಟೋ ಹೆಚ್ಚು. ಕೊಳವೆಗಳ ಮೇಲೆ ತಂತಿಬಲೆಯನ್ನು ಅಂತರ ಬಿಟ್ಟು ಬಿಗಿದು ಕಟ್ಟಿರಬೇಕು, ಪ್ರತಿ ಸಲ ತುಂಬುವ ಮೊದಲು ಬಲೆಯ ಮೇಲೂ ಕೊಳವೆಯ ಮೇಲೂ ಉಳಿದ ಎಲೆಚೂರು, ದಾರದ ತುಂಡುಗಳನ್ನು ಗುಡಿಸಬೇಕು. ಕಡ್ಡಿಗೆ ಎಲೆ ಕಟ್ಟುವ ಕೆಲಸವೂ ಈ ಸುರಕ್ಷತೆಯ ಭಾಗವೇ. ಎಲೆ ಒಣಗಿದಂತೆ ತೊಟ್ಟು ಸೊರಗುವುದರಿಂದ, ಸಡಿಲವಾಗಿ ಕಟ್ಟಿದ ಎಲೆ ಜಾರುವುದು ಬೀಳಬಾರದ ಹೊತ್ತಿನಲ್ಲಿಯೇ. ಅಡ್ಡಮರಗಳಿಗೆ ಗೆದ್ದಲು ಹಿಡಿದಿದೆಯೇ ಎಂದು, ಗೋಡೆಯೊಳಗೆ ಸೇರಿದ ತುದಿಗಳನ್ನೂ ಬಿಡದೆ, ಚೂಪಾದ ಕಬ್ಬಿಣದಿಂದ ಚುಚ್ಚಿ ನೋಡಬೇಕು. ಬ್ಯಾರನ್ ತುಂಬುವವರು ಅವೇ ಮರಗಳ ಮೇಲೆ ಕಾಲಿಟ್ಟು ಎತ್ತರಕ್ಕೇರಿ ಹಸಿ ಎಲೆಯ ಭಾರವನ್ನು ಕೈಯಿಂದ ಕೈಗೆ ದಾಟಿಸುತ್ತಾರೆ.

ಥರ್ಮಾಮೀಟರ್ ಸುಳ್ಳು ಹೇಳಿದರೆ ಉಳಿದೆಲ್ಲ ಎಚ್ಚರಿಕೆಯೂ ವ್ಯರ್ಥ. ಬಿಸಿನೀರಿನಲ್ಲಿ ಇನ್ನೊಂದು ನಂಬಿಕೆಯ ಥರ್ಮಾಮೀಟರಿನ ಜೊತೆ ಇಟ್ಟು ಹೋಲಿಸುವುದು ಸರಿಯಾದ ವಿಧಾನ. ಕುದಿಯುವ ನೀರಿನಲ್ಲಿ ಪರೀಕ್ಷಿಸುವವರು ಮಾತ್ರ, ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ಈ ಸೀಮೆಯಲ್ಲಿ ನೀರು 212ರ ಬದಲು ಸುಮಾರು 207 ಡಿಗ್ರಿ ಫ್ಯಾರನ್‌ಹೀಟಿಗೇ ಕುದಿಯುತ್ತದೆ ಎಂಬುದನ್ನು ಮರೆತರೆ, ಸರಿಯಿರುವ ಉಪಕರಣವನ್ನೇ ಕೆಟ್ಟದ್ದೆಂದು ಎಸೆಯಬೇಕಾದೀತು. ವಿದ್ಯುತ್ ದೀಪದ ವಿಷಯದಲ್ಲಿಯೂ ಶಾಖದ ಅಂಕಿಯೇ ನಿರ್ಣಾಯಕ: ಮನೆಗಳಲ್ಲಿ ಬಳಸುವ ಸಾಮಾನ್ಯ ಪಿವಿಸಿ ಹೊದಿಕೆಯ ವೈರು 70 ಡಿಗ್ರಿ ಸೆಲ್ಸಿಯಸ್ ತಾಳಿಕೆಯದು, ಬ್ಯಾರನ್ನಿನ ಗಾಳಿ ಕೊನೆಯ ಘಟ್ಟದಲ್ಲಿ 71ಕ್ಕೆ ಏರುತ್ತದೆ. ಒಳಗೆ ಬಲ್ಬು ಹಾಕಿ ವೈರು ಎಳೆಯುವುದಕ್ಕಿಂತ ಬ್ಯಾಟರಿಯ ಟಾರ್ಚ್ ಹಿಡಿದು ನೋಡುವುದು ಲೇಸು.

ಒಲೆ ಉರಿಯುತ್ತಿರುವಾಗ ಒಳಗೆ ಹೋಗುವುದು ಬೇರೆಯೇ ಅಪಾಯ. ಸೋರುವ ಕೊಳವೆಯಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು ಬಂದಾಗ ಸೆಕೆಯಿಂದಿರಬೇಕೆಂದು ಸುಮ್ಮನಾದವರು ಎಚ್ಚರ ತಪ್ಪಿ ಬೀಳಬಹುದು. ಎಲೆಯ ಹದ ನೋಡಲು ಹೋಗಲೇಬೇಕಾದರೆ ಬಾಗಿಲು, ಕಿಂಡಿಗಳನ್ನು ಸ್ವಲ್ಪ ಹೊತ್ತು ತೆರೆದಿಟ್ಟು, ಹೊರಗೆ ಇನ್ನೊಬ್ಬರನ್ನು ನಿಲ್ಲಿಸಿ ಹೋಗಬೇಕು. ಬ್ಯಾರನ್ನಿನ ಹೊರಗೂ ಒಂದು ಅಪಾಯವಿದೆ: ಹಸಿ ಎಲೆಯ ಮೇಲಿನ ನೀರಿನಲ್ಲಿ ಕರಗಿದ ನಿಕೋಟಿನ್ ಚರ್ಮದ ಮೂಲಕ ಇಳಿದು ವಾಕರಿಕೆ, ವಾಂತಿ ತರುವುದುಂಟು. ಮಳೆಯಲ್ಲಿ ಕೊಯ್ದ ಎಲೆಯನ್ನು ಕಟ್ಟುವವರಿಗೆ ಕೈಗವಸು ಕೊಡುವುದು ಮಾಲೀಕನ ಹೊಣೆ.

ಇಷ್ಟಾದರೂ ಬೆಂಕಿ ಹತ್ತಿದರೆ, ಕಡ್ಡಿಗಳನ್ನು ಹೊರಗೆಳೆಯುವ ಆತುರದಲ್ಲಿ ಬಾಗಿಲು ತೆರೆಯಬಾರದು. ಒಳಗೆ ಉಸಿರುಕಟ್ಟಿಕೊಂಡಿರುವ ಉರಿಗೆ ಬಾಗಿಲಿನಿಂದ ನುಗ್ಗುವ ಗಾಳಿಯೇ ಬಲ, ತೆರೆದವರ ಮುಖಕ್ಕೇ ಅದು ಚಿಮ್ಮುತ್ತದೆ. ಕಿಂಡಿಗಳನ್ನು ಹೊರಗಿನಿಂದ ಮುಚ್ಚಿ, ಒಲೆಯ ಸೌದೆಯನ್ನು ಹೊರಗೆಳೆದು ದೂರದಲ್ಲಿ ಆರಿಸಿ, 101 ಅಥವಾ 112ಕ್ಕೆ ಕರೆ ಮಾಡಿ, ಪಕ್ಕದ ಬ್ಯಾರನ್ನಿನ ಮಾಡು ಮತ್ತು ಸೌದೆ ರಾಶಿಗೆ ನೀರು ಎರಚಬೇಕು. ಕೆಂಪಗೆ ಕಾದ ಕೊಳವೆಗೆ ಹತ್ತಿರದಿಂದ ನೀರು ಹೊಯ್ದರೆ ಏಳುವ ಹಬೆ ಬೆಂಕಿಯಷ್ಟೇ ಸುಡುತ್ತದೆ.

ಕೊನೆಯ ಎಲೆ ಇಳಿಸಿದ ಮೇಲೆ ಬ್ಯಾರನ್ನಿಗೆ ಬೀಗ ಹಾಕಿ ಹರಾಜಿನ ಚಿಂತೆಗೆ ತಿರುಗುವುದು ಸಾಮಾನ್ಯ. ಅದರ ಬದಲು ಕೊಳವೆಯ ಮಸಿ, ಬೂದಿಗಳನ್ನು ಆ ವಾರವೇ ಕೆರೆದು ತೆಗೆದು, ಚಿಮಣಿಯ ಬಾಯಿಗೆ ಮಳೆ ಬೀಳದಂತೆ ಮುಚ್ಚಳವಿಟ್ಟು, ಬದಲಿಸಬೇಕಾದ ಕೊಳವೆಗಳ ಮೇಲೆ ಸುಣ್ಣದಿಂದ ಗುರುತು ಹಾಕಿಟ್ಟರೆ, ತಗಡು ಎಷ್ಟು ಬೇಕೆಂಬ ಲೆಕ್ಕ ಎಲೆ ಮಾರಿದ ಹಣ ಕೈಯಲ್ಲಿರುವಾಗಲೇ ಸಿಗುತ್ತದೆ. ಆಗ ಸಸಿ ನಾಟಿ, ಗೊಬ್ಬರಗಳಿಗೆಲ್ಲ ಹಣ ಸುರಿದು ಕೈ ಖಾಲಿಯಾಗಿರುವ ಜೂನ್ ತಿಂಗಳಲ್ಲಿ ಹಳೆಯ ತೂತಿಗೆ ಮತ್ತೆ ಮಣ್ಣು ಮೆತ್ತಬೇಕಾದ ಸ್ಥಿತಿ ಬರುವುದಿಲ್ಲ.